ತಲೆಗೆ ಕಟ್ಟುವ ಬ್ಯಾಟರಿ



ಇವತ್ತು ನಾವು ಬ್ಯಾಟರಿ ಬಗ್ಗೆ ಮಾತಾಡೋಣ. ಟಾರ್ಚಿಗೆ ನಮ್ಮ ಕಡೆ ಬ್ಯಾಟರಿ ಅಂತಲೇ ಹೇಳ್ತೀವಿ. ಅದರಲ್ಲೂ ಪಟ್ಟಿ ಹಾಕಿ ತಲೆಗೆ ಕಟ್ಟುವ ಬ್ಯಾಟರಿ. “ಇದರಾಗ ಮಾತಾಡೋದು ಏನದ?” ಅಂತ ನೀವು ಕೇಳಬಹುದು. ಬಹಳ ಅದ. ಕೇಳ್ರಿ.

ಕತ್ತಲೆಯಲ್ಲಿ ಹೋಗುವವರು ಯಾರು?

ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹೆಸರು ದೇಶಕ್ಕೆಲ್ಲ ಹೋಯಿತು. ಆ ತೊಗರಿ ಕೊಯ್ಯುವ ಕೈಗಳು ನಮ್ಮವು. ಬಿಸಿಲು ಏರಿದರೆ ಒಣಕಾಯಿ ಸಿಡಿದು ಕಾಳು ಉದುರುತ್ತದೆ. ಅದಕ್ಕೆ ನಸುಕಿನಲ್ಲೇ ಹೊಲಕ್ಕೆ ಹೋಗುತ್ತೇವೆ. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಬಂದರೆ ರಾತ್ರಿಯೇ ನೀರು ಹಾಯಿಸಬೇಕು. ವಾಡಿಯಲ್ಲಿ ಸಿಮೆಂಟ್ ಲಾರಿ ಓಡುವ ರಸ್ತೆ ಬದಿಯಲ್ಲಿ ನಡೆಯಬೇಕು. ಶಹಾಬಾದಿನಲ್ಲಿ ಪರಸಿ ಕಲ್ಲಿನ ಗಣಿಗೆ ಬೆಳಕು ಹರಿಯುವ ಮೊದಲೇ ಹೊರಡುವವರಿದ್ದಾರೆ. ನಲ್ಲಿ ನೀರು ಬರುವ ಹೊತ್ತಿಗೆ ಏಳುವವರೂ ನಾವೇ. ಕತ್ತಲಾದ ಮೇಲೆ ಬಯಲಿಗೆ ಹೋಗುವವರೂ ನಾವೇ.

ಮನೆಯಲ್ಲಿ ಬ್ಯಾಟರಿ ಒಂದೇ ಇದ್ದರೆ ಅದು ಯಾರ ಕೈಯಲ್ಲಿ ಇರುತ್ತದೆ? ನೀವೇ ಹೇಳ್ರಿ.

ಹಾವು ಎಂಬ ಭಯ

ನಮ್ಮ ದೇಶದಲ್ಲಿ ಹಾವು ಕಡಿದು ವರ್ಷಕ್ಕೆ ಸುಮಾರು 58 ಸಾವಿರ ಜನ ಸಾಯುತ್ತಾರೆ ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಸಾಯುವವರಲ್ಲಿ ಹೆಚ್ಚಿನವರು ಹಳ್ಳಿಯವರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕು ಹೆಚ್ಚು ಅಪಾಯದ ಹಾವುಗಳು. ಕಟ್ಟುಹಾವು ರಾತ್ರಿಯೇ ಓಡಾಡುತ್ತದೆ. ಕೊಳಕುಮಂಡಲ ಕಸಕಡ್ಡಿಯ ಬಣ್ಣಕ್ಕೇ ಇರುತ್ತದೆ. ಬೆಳಕು ಇಲ್ಲದಿದ್ದರೆ ತುಳಿದ ಮೇಲೆಯೇ ಗೊತ್ತಾಗುವುದು.

ಕೈ ಬ್ಯಾಟರಿ ಸಾಲದೇ? ಒಂದು ಕೈಯಲ್ಲಿ ಬ್ಯಾಟರಿ ಹಿಡಿದರೆ, ಇನ್ನೊಂದರಲ್ಲಿ ಕೊಡ ಹಿಡಿಯಬೇಕೋ, ಕುಡುಗೋಲು ಹಿಡಿಯಬೇಕೋ, ಕೂಸನ್ನು ಎತ್ತಿಕೊಳ್ಳಬೇಕೋ? ತಲೆಗೆ ಕಟ್ಟಿದರೆ ಎರಡೂ ಕೈ ಬಿಡುವು. ಮುಖ ತಿರುಗಿದ ಕಡೆ ಬೆಳಕು ತಿರುಗುತ್ತದೆ. ಅದಕ್ಕೇ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ನೆಲದ ಕೆಳಗೆ ಇಳಿಯುವವರ ಟೊಪ್ಪಿಗೆಗೆ ದೀಪ ಇರುತ್ತದೆ.

ಅಂಗಡಿಯಲ್ಲಿ ಏನು ನೋಡಬೇಕು?

“ಅಕ್ಕಾ, ಇದು ಛಲೋ ಅದ, ತೊಗೋರಿ” ಅಂತ ಅಂಗಡಿಯವರು ಹೇಳುತ್ತಾರೆ. ಅವರ ಮಾತು ಕೇಳೋಣ. ಆದರೆ ಡಬ್ಬಿಯನ್ನು ನಾವೇ ಓದೋಣ. ಡಬ್ಬಿಯ ಮೇಲಿನ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಹೆದರಬೇಡಿ. ಅಂಕಿಗಳನ್ನು ನಾವು ಕಲಿತಿದ್ದೇವೆ.

ಒಂದು, ಬೆಳಕು. ಬೆಳಕಿನ ಅಳತೆಗೆ ಲ್ಯೂಮೆನ್ ಎನ್ನುತ್ತಾರೆ. ಹೊಲದ ದಾರಿಗೆ 100 ಲ್ಯೂಮೆನ್ ಸಾಕು. ಸಾವಿರ, ಹತ್ತು ಸಾವಿರ ಎಂದು ಬರೆದ ಅಗ್ಗದ ಮಾಲು ನಂಬಬೇಡಿ.

ಎರಡು, ಎಷ್ಟು ಗಂಟೆ ಉರಿಯುತ್ತದೆ? ಕೊಡದ ನೀರನ್ನು ಜೋರಾಗಿ ಸುರಿದರೆ ಬೇಗ ಖಾಲಿ. ಸಣ್ಣಗೆ ಬಿಟ್ಟರೆ ಬಹಳ ಹೊತ್ತು. ಬ್ಯಾಟರಿಯೂ ಹಾಗೆಯೇ. ಹೆಚ್ಚು, ಕಡಿಮೆ ಎಂದು ಎರಡು ಬೆಳಕು ಇರುವುದನ್ನೇ ಕೊಳ್ಳಿ. ದಾರಿಗೆ ಕಡಿಮೆ ಸಾಕು. ಪೊದೆಯಲ್ಲಿ ಸದ್ದಾದರೆ ಹೆಚ್ಚು ಮಾಡಿ.

ಮೂರು, ನೀರು ಮತ್ತು ದೂಳು. ‘ಐಪಿ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳ ಮುಂದೆ ಎರಡು ಅಂಕಿ ಇರುತ್ತವೆ. ಮೊದಲನೆಯದು ದೂಳಿಗೆ. ಎರಡನೆಯದು ನೀರಿಗೆ. 54 ಎಂದರೆ ದೂಳಿಗೆ 5, ನೀರಿಗೆ 4. ನೀರಿಗೆ 4 ಇದ್ದರೆ ಮಳೆಹನಿ ಸಿಡಿದರೂ ಕೆಡುವುದಿಲ್ಲ. ದೂಳಿಗೆ 6 ಇದ್ದರೆ ದೂಳು ಒಳಗೆ ಹೋಗುವುದೇ ಇಲ್ಲ. ವಾಡಿ, ಶಹಾಬಾದಿನ ದೂಳಿಗೆ ಇದು ಒಳ್ಳೆಯದು.

ನಾಲ್ಕು, ಸೆಲ್ಲು ಹಾಕುವುದೋ, ಚಾರ್ಜ್ ಮಾಡುವುದೋ? ಕರೆಂಟು ಸರಿಯಾಗಿ ಇರುವ ಊರಿಗೆ ಚಾರ್ಜ್ ಮಾಡುವುದು ಅಗ್ಗ. ದಿನಗಟ್ಟಲೆ ಕರೆಂಟು ಹೋಗುವ ಚಿಂಚೋಳಿಯ ತಾಂಡಾಗಳಿಗೆ, ಕಾಡಂಚಿನ ಹಳ್ಳಿಗಳಿಗೆ ಸೆಲ್ಲಿನದೇ ಭದ್ರ. ಸೆಲ್ಲು ನಿಮ್ಮೂರ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆಯೇ, ಮೊದಲು ಕೇಳಿ.

ಐದು, ಕಟ್ಟಿ ನೋಡಿ. ಸೆರಗು ಹೊದ್ದ ಮೇಲೆ ಪಟ್ಟಿ ಕೂರುತ್ತದೆಯೇ? ಭಾರ ಹಣೆಯನ್ನು ಒತ್ತುತ್ತದೆಯೇ? ದೀಪ ಕೆಳಕ್ಕೆ ಬಾಗುತ್ತದೆಯೇ? ಒದ್ದೆ ಕೈಯಲ್ಲಿ ಸ್ವಿಚ್ಚು ಒತ್ತಲು ಬರುತ್ತದೆಯೇ? ಹತ್ತು ಸಲ ಹಚ್ಚಿ, ಹತ್ತು ಸಲ ಆರಿಸಿ. ಮೆಲ್ಲಗೆ ಅಲುಗಾಡಿಸಿ. ಬೆಳಕು ಮಿಣಕಿದರೆ ಬೇಡ ಅನ್ನಿ.

ಆರು, ಬಿಲ್ಲು. ಗ್ಯಾರಂಟಿ ಚೀಟಿಯ ಮೇಲೆ ತಾರೀಖು ಹಾಕಿಸಿ. ಬರೆದ ಬೆಲೆಗಿಂತ ಹೆಚ್ಚು ಕೊಡಬೇಡಿ. ಮೋಸವಾದರೆ 1915ಕ್ಕೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ.

ಮನೆಗೆ ತಂದ ಮೇಲೆ

ಮೊದಲ ದಿನವೇ ಪೂರ್ತಿ ಚಾರ್ಜ್ ಮಾಡಿ ಹಚ್ಚಿಡಿ. ಎಷ್ಟು ಗಂಟೆಗೆ ಮಂಕಾಯಿತು, ಬರೆದಿಡಿ. ಡಬ್ಬಿಯಲ್ಲಿ ಹೇಳಿದ್ದರ ಅರ್ಧವೂ ಉರಿಯದಿದ್ದರೆ ಬಿಲ್ಲು ಹಿಡಿದು ಅಂಗಡಿಗೆ ಹೋಗಿ. ಹಾಸಿಗೆ, ಕೌದಿ ಮೇಲೆ ಚಾರ್ಜಿಗೆ ಇಡಬೇಡಿ. ಉಬ್ಬಿದ ಬ್ಯಾಟರಿ ಬಳಸಬೇಡಿ. ಹಳೆ ಸೆಲ್ಲಿನ ಜೊತೆ ಹೊಸ ಸೆಲ್ಲು ಹಾಕಬೇಡಿ. ಬಹಳ ದಿನ ಬಳಸದಿದ್ದರೆ ಸೆಲ್ಲು ತೆಗೆದಿಡಿ. ಇಲ್ಲದಿದ್ದರೆ ಸೋರಿ ಬ್ಯಾಟರಿ ಕೆಡುತ್ತದೆ.

ನಡೆಯುವಾಗ ದೀಪವನ್ನು ಮೂರು ಹೆಜ್ಜೆ ಮುಂದೆ ಬೀಳುವಂತೆ ಬಾಗಿಸಿ. ಎದುರು ಬರುವವರ ಕಣ್ಣಿಗೆ ಬಿಡಬೇಡಿ. ಲಾರಿ ಡ್ರೈವರಿಗೆ ಕಣ್ಣು ಕುಕ್ಕಿದರೆ ಅಪಾಯ ನಮಗೇ. ಬ್ಯಾಟರಿ ಇದ್ದರೂ ಕಾಲಿಗೆ ಮೆಟ್ಟು, ಕೈಗೆ ಕೋಲು ಬೇಕು. ಹುಲ್ಲಿನ ಬಣವೆಗೆ, ಪರಸಿ ಕಲ್ಲಿನ ಸಂದಿಗೆ ನೋಡದೆ ಕೈ ಹಾಕಬೇಡಿ.

ಇಷ್ಟಾದರೂ ಹಾವು ಕಡಿದರೆ? ಕೊಯ್ಯಬೇಡಿ. ಬಾಯಿಂದ ಹೀರಬೇಡಿ. ಹಗ್ಗ ಬಿಗಿಯಬೇಡಿ. ಕಡಿಸಿಕೊಂಡವರನ್ನು ಅಲುಗಾಡಿಸದೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ವಿಷಕ್ಕೆ ಮದ್ದು ಅಲ್ಲಿದೆ. ಮಂತ್ರ ಹಾಕಿಸುತ್ತ ಕೂತರೆ ಹೊತ್ತು ಹೋಗುತ್ತದೆ, ಜೀವವೂ ಹೋಗುತ್ತದೆ. ಹಾವು ಕಡಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಯವರು ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶ ಮಾಡಿದೆ.

ಅಕ್ಕಂದಿರೇ, ದುಡಿಯುವ ನಮಗೆ ಒಂದು ಬ್ಯಾಟರಿ ದುಂದುವೆಚ್ಚ ಅಲ್ಲ. ಒಬ್ಬರಿಗೆ ಆಗದಿದ್ದರೆ ಸಂಘದ ಉಳಿತಾಯದಲ್ಲಿ ನಾಲ್ಕು ಮಂದಿ ಸೇರಿ ಕೊಳ್ಳಿ. ಮನೆಯಲ್ಲಿ ಕೇಳಿರಿ: “ಕತ್ತಲಾಗ ನಾನೂ ಹೋಗ್ತೀನಿ. ನನಗೂ ಬೆಳಕು ಬೇಕು.”

ಓದಿರಿ, ಉತ್ತರ ಬರೆಯಿರಿ

1. ಡಬ್ಬಿಯ ಮೇಲೆ 65 ಎಂದು ಇದ್ದರೆ ದೂಳಿನ ಅಂಕಿ ಯಾವುದು? ನೀರಿನ ಅಂಕಿ ಯಾವುದು?
2. ಹಾವು ಕಡಿದರೆ ಯಾವ ನಂಬರಿಗೆ ಫೋನ್ ಮಾಡಬೇಕು?
3. ನಿಮ್ಮ ಮನೆಯಲ್ಲಿ ಎಷ್ಟು ಬ್ಯಾಟರಿ ಇವೆ? ಯಾರು ಬಳಸುತ್ತಾರೆ?