ಕಾರಿನ ಫ್ಯಾನು ತಿರುಗದಿದ್ದಾಗ



ಮನೆಯಲ್ಲಿ ಯಾರಿಗೋ ಎದೆನೋವು ಬಂತೆನ್ನಿ. ವರ್ಕಾಡಿಯಿಂದಲೋ ಮೀಯಪದವಿನಿಂದಲೋ ಹೊರಟ ಕಾರು ಹೊಸಂಗಡಿಗೆ ಬಂದು, ಹೆದ್ದಾರಿ ಹಿಡಿದು, ತಲಪಾಡಿ ದಾಟಿ ಮಂಗಳೂರು ಸೇರಬೇಕು. 2020ರಲ್ಲಿ ಗಡಿ ಮುಚ್ಚಿದಾಗ ಈ ದಾರಿಯ ಬೆಲೆ ನಮಗೆಲ್ಲ ತಿಳಿಯಿತು. ಗಡಿ ತೆರೆದಿದ್ದರೂ ಬಾನೆಟ್ಟಿನ ಅಡಿಯ ಒಂದು ತುಕ್ಕು ಹಿಡಿದ ತಂತಿ ನಮ್ಮನ್ನು ನಡುದಾರಿಯಲ್ಲಿ ನಿಲ್ಲಿಸಬಲ್ಲದು. ಇವತ್ತು ಅದರ ಬಗ್ಗೆ ಮಾತಾಡೋಣ.

ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ರೈಲ್ವೇ ಗೇಟಿನಲ್ಲಿ ನಿಂತಾಗ ಗಾಳಿಯಿಲ್ಲ, ಫ್ಯಾನೇ ಗತಿ. ಆದ್ದರಿಂದ ಹೆದ್ದಾರಿಯಲ್ಲಿ ಸರಿಯಿದ್ದು, ನಿಂತ ಕೂಡಲೇ ಬಿಸಿಯ ಮುಳ್ಳು ಏರಿದರೆ ಮೊದಲು ಫ್ಯಾನನ್ನು ಸಂಶಯಿಸಿ. ಓಡುವಾಗಲೂ ಏರಿದರೆ ನೀರು ಕಡಿಮೆಯಾಗಿರಬಹುದು, ಪಂಪು ಅಥವಾ ಥರ್ಮೋಸ್ಟಾಟ್ ಕೆಟ್ಟಿರಬಹುದು. ಹಳೆಯ ಜೀಪು, ಲಾರಿಗಳಲ್ಲಿ ಫ್ಯಾನನ್ನು ಬೆಲ್ಟು ತಿರುಗಿಸುತ್ತದೆ. ಅವುಗಳ ಕತೆ ಬೇರೆ.

ಎಂಜಿನ್ ಚಾಲೂ ಮಾಡಿ ಏಸಿ ಹಾಕಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಆಗ ಫ್ಯಾನು ತಿರುಗಬೇಕು. ಏಸಿಗೆ ತಿರುಗಿ ಬಿಸಿಗೆ ತಿರುಗದಿದ್ದರೆ ನೀರಿನ ಬಿಸಿ ಅಳೆಯುವ ಸೆನ್ಸರ್ ಅಥವಾ ಅದರ ತಂತಿಯ ದೋಷವಿರಬಹುದು. ಎರಡಕ್ಕೂ ತಿರುಗದಿದ್ದರೆ ಫ್ಯೂಸು ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ತಂತಿ ಸುತ್ತಿ ಕೆಲಸ ಸಾಗಿಸುವ ಅಭ್ಯಾಸ ಬೇಡ. ಹೊಸದೂ ಸುಟ್ಟರೆ ಮೋಟಾರು ಬಿಗಿದಿದೆ, ಇಲ್ಲವೇ ಎಲ್ಲೋ ಶಾರ್ಟ್ ಆಗಿದೆ. ಆಮೇಲೆ ರಿಲೇ. ಅದೇ ನಂಬರಿನ ರಿಲೇ ಹಾರ್ನಿಗೋ ಬೇರೆಯದಕ್ಕೋ ಇದ್ದರೆ ಅದಲುಬದಲು ಮಾಡಿ ನೋಡಬಹುದು. ಫ್ಯಾನು, ಫ್ಯೂಸು, ರಿಲೇ: ಮೆಕ್ಯಾನಿಕ್ ತುಳುವಿನವರಿರಲಿ ಮಲಯಾಳದವರಿರಲಿ, ಈ ಮೂರು ಪದಕ್ಕೆ ದುಭಾಷಿ ಬೇಡ!

ನಾನು ಮೋಸಹೋದದ್ದು ಇದರ ಮುಂದಿನ ಹಂತದಲ್ಲಿ. ಟೆಸ್ಟ್ ಲ್ಯಾಂಪ್ ಹಿಡಿದಾಗ ಬೆಳಗಿತು, “ಕರೆಂಟ್ ಬರ್ತಾ ಇದೆ, ಮೋಟಾರ್ ಹೋಗಿದೆ” ಎಂದರು. ಹೊಸ ಮೋಟಾರಿಗೆ ದುಡ್ಡು ಕೊಟ್ಟೆ. ಅದೂ ತಿರುಗಲಿಲ್ಲ! ದೋಷವಿದ್ದದ್ದು ಬಾಡಿಗೆ ಬಿಗಿದ ಅರ್ತ್ ತಂತಿಯಲ್ಲಿ. ಪುಟ್ಟ ಬಲ್ಬಿಗೆ ಚೂರು ಕರೆಂಟು ಸಾಕು, ಹಸಿರು ಕಿಲುಬು ಹಿಡಿದ ಜೋಡಣೆಯಲ್ಲೂ ಅಷ್ಟು ನುಸುಳುತ್ತದೆ. ಮೋಟಾರಿಗೆ ಹತ್ತಾರು ಆಂಪಿಯರ್ ಬೇಕು. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಇರುವ ನಮ್ಮಲ್ಲಿ ಕಿಲುಬಿಗೇನು ಬರ?

ಹಾಗಾಗಿ ಮೋಟಾರಿನ ಪ್ಲಗ್ಗನ್ನು ಕಳಚದೆ, ಏಸಿ ಹಾಕಿಸಿ, ಮೀಟರಿನಿಂದ ಅಳೆಯಲು ಹೇಳಿ. ಮೋಟಾರಿನ ಎರಡು ಪಿನ್ನುಗಳ ನಡುವೆ ಬ್ಯಾಟರಿಯಷ್ಟೇ ವೋಲ್ಟ್ ಇದ್ದೂ ತಿರುಗದಿದ್ದರೆ ಮಾತ್ರ ಮೋಟಾರು ಕೆಟ್ಟಿದೆ. ಅಲ್ಲಿ ವೋಲ್ಟ್ ಕಡಿಮೆಯಿದ್ದರೆ ಬ್ಯಾಟರಿಯ ಮೈನಸ್ಸಿಗೂ ಮೋಟಾರಿನ ಅರ್ತ್ ಪಿನ್ನಿಗೂ ನಡುವೆ ಅಳೆಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತನ್ನು ಉಜ್ಜಿ ಬಿಗಿದರೆ ಸಾಕು. ಖರ್ಚು ಒಂದು ಉಪ್ಪುಕಾಗದದ ತುಂಡು.

ಒಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನು ತಟ್ಟನೆ ತಿರುಗುತ್ತದೆ. ಬ್ಯಾಟರಿ ಕಳಚದೆ ಅಲ್ಲಿ ಕೈ ಹಾಕಬೇಡಿ. ಸೀರೆಯ ಸೆರಗು, ಶಾಲು, ಲುಂಗಿಯ ತುದಿಯೂ ಹತ್ತಿರ ಸುಳಿಯಬಾರದು.

ಇನ್ನು ರೋಗಿ ಹಿಂದಿನ ಸೀಟಿನಲ್ಲಿದ್ದು, ಮುಳ್ಳು ಏರತೊಡಗಿತು ಎನ್ನಿ. ಏಸಿ ನಿಲ್ಲಿಸಿ, ಕಿಟಕಿ ತೆರೆದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಅದರ ಗಾಳಿ ಜೋರು ಮಾಡಿ. ಸೆಕೆಯಾಗುತ್ತದೆ, ನಿಜ. ಆದರೆ ಎಂಜಿನ್ನಿನ ಬಿಸಿ ಸ್ವಲ್ಪ ಆ ದಾರಿಯಲ್ಲಿ ಹೊರಬೀಳುತ್ತದೆ. ಆದರೂ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ರೋಗಿಯನ್ನು ಬೇರೆ ವಾಹನಕ್ಕೆ ಹತ್ತಿಸಿ. 108ಕ್ಕೆ ಫೋನು ಮಾಡಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ನಾಳೆ ಬೆಳಿಗ್ಗೆ ಅಂಗಳದಲ್ಲೇ ಕಾರು ಚಾಲೂ ಮಾಡಿ, ಏಸಿ ಹಾಕಿ, ಫ್ಯಾನಿನ ಸದ್ದು ಬರುತ್ತದೆಯೇ ಕಿವಿಗೊಟ್ಟು ನೋಡಿ.