ಸಾಲು ತೋರಿಸು



ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ನಿಮಗೆಲ್ಲ ಗೊತ್ತು. ಅದನ್ನು ಪ್ರೇಮಗೀತೆ ಎಂದುಕೊಂಡು ಕೇಳಿ ತಲೆದೂಗಿದವರು ನಮ್ಮಲ್ಲಿ ಎಷ್ಟೋ ಜನ. ಅದು ಹುಟ್ಟಿದ್ದು ಮಗುವನ್ನು ಕಳೆದುಕೊಂಡ ದುಃಖದಲ್ಲಿ. ಹೆಂಡತಿಯ ನೋಟವನ್ನು ಎದುರಿಸಲಾಗದ ತಂದೆಯ ಮಾತು ಅದು. ಹಾಗಾದರೆ ಪ್ರೇಮಗೀತೆ ಅಂದುಕೊಂಡವರು ತಪ್ಪಿದರೇ? ನನಗನ್ನಿಸುವುದು, ಕವಿಯ ಮನೆಯ ಕಥೆ ತಿಳಿಯದಿದ್ದದ್ದು ಅವರ ಕೊರತೆಯಲ್ಲ. ಆದರೆ ಬಣ್ಣ ಹಾರಿದ ತುಟಿ, ತಡೆದಿಟ್ಟ ಅಳು ಹಾಡಿನೊಳಗೇ ಇವೆ. ಕೊನೆಯವರೆಗೆ ಕಿವಿಗೊಟ್ಟರೆ ಸರಸದ ಹಾಡು ಎನ್ನುವುದು ಕಷ್ಟ.

ಬರೆದವರದೋ ಓದಿದವರದೋ ಎಂಬ ಜಗಳ ಹೊಸದಲ್ಲ. ಫ್ರಾನ್ಸಿನ ರೋಲಾ ಬಾರ್ತ್ 1967ರಲ್ಲಿ ಲೇಖಕನ ಸಾವನ್ನು ಸಾರಿ ಗದ್ದಲ ಎಬ್ಬಿಸಿದ. ಅದಕ್ಕೆ ಸುಮಾರು ಸಾವಿರ ವರ್ಷ ಮೊದಲೇ ನಮ್ಮ ರಾಜಶೇಖರ ಬರೆಯುವ ಪ್ರತಿಭೆಯ ಜೊತೆಗೆ ಓದುವವರ ಪ್ರತಿಭೆಗೂ ‘ಭಾವಯಿತ್ರಿ’ ಎಂಬ ಹೆಸರು ಕೊಟ್ಟಿದ್ದ, ಯಾರನ್ನೂ ಸಾಯಿಸದೆ!

ಈ ಪ್ರಶ್ನೆ ನಮ್ಮ ಪ್ಲೆಸೆಂಟನ್ ತರಗತಿಗೆ ಬರುವುದು ಪುಣ್ಯಕೋಟಿಯ ಜೊತೆ. ಊರಲ್ಲಿ ನಾವು ಅತ್ತಿದ್ದು ಹಸುವಿಗಾಗಿ, ಕರುವಿಗಾಗಿ. ಇಲ್ಲಿನ ಮಕ್ಕಳು ಹುಲಿಗಾಗಿ ಮರುಗುತ್ತಾರೆ. “ಹುಲಿ ಯಾಕೆ ಸಾಯಬೇಕು ಆಂಟಿ? ಹಸುವನ್ನು ಮನೆಗೆ ಕಳಿಸಿದ್ರೆ ಸಾಕಿತ್ತಲ್ಲ?” ಕವಿಯನ್ನೇ ಕೇಳೋಣವೆಂದರೆ ಗೋವಿನ ಹಾಡು ಕಟ್ಟಿದವರ ಹೆಸರೇ ಉಳಿದಿಲ್ಲ.

ಈ ವರ್ಷ ಒಂದು ಮಗು ಪರೀಕ್ಷೆಯಲ್ಲಿ, ತಪ್ಪು ತಿಳಿದುಕೊಂಡವರು ಬದುಕಬೇಕು, ಅದೇ ಈ ಹಾಡಿನ ನೀತಿ ಎಂದು ಬರೆದಿತ್ತು. ಅಂಕ ಕೊಡಬೇಕೋ ಬೇಡವೋ ಎಂದು ಶಿಕ್ಷಕರಲ್ಲಿ ಚರ್ಚೆಯಾಯಿತು. ಮಗುವನ್ನು ಕರೆದು, “ಯಾವ ಸಾಲಲ್ಲಿದೆ, ತೋರಿಸು” ಎಂದೆ. ಹುಲಿ ಹಸುವನ್ನು ಅಕ್ಕ ಎಂದು ಕರೆಯುವ ಕಡೆ ಬೆರಳಿಟ್ಟು, “ತಮ್ಮ ಸತ್ರೆ ಅಕ್ಕಂಗೆ ಬೇಜಾರಾಗಲ್ವಾ?” ಎಂದಿತು. ಇಷ್ಟು ವರ್ಷ ಪಾಠ ಮಾಡಿದ ನನಗೆ ಆ ಸಾಲು ಹಾಗೆ ಕೇಳಿಸಿರಲಿಲ್ಲ. ಹುಲಿ ಹಸಿವಿನಿಂದ ಸತ್ತಿತು ಎಂದು ಬರೆದ ಇನ್ನೊಂದು ಮಗುವಿಗೆ ತೋರಿಸಲು ಸಾಲು ಸಿಗಲಿಲ್ಲ. ಅದಕ್ಕೆ ಹಾಡನ್ನು ಮತ್ತೊಮ್ಮೆ ಓದಲು ಹೇಳಿದೆವು.

ಪೋಷಕರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಮಕ್ಕಳು ಬೇರೆ ಅರ್ಥ ಹೇಳಿದಾಗ, ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಉತ್ತರವನ್ನು ತಕ್ಷಣ ಬರೆಸಬೇಡಿ. ಅಕ್ಕನ ವಿಷಯ ಹೇಳಿದ ಮಗುವಿಗೆ ಪೂರ್ತಿ ಅಂಕ ಕೊಟ್ಟೆವು. ‘ಸತ್ಯವೇ ದೇವರು’ ಎಂದು ಬರೆದವರಿಗೂ ಕೊಟ್ಟೆವು, ಅವರಿಂದಲೂ ಸಾಲು ಕೇಳಿದ ಮೇಲೆ.