ಎದೆಹಾಲು ಮತ್ತು ಮಿದುಳಿನ ಅಪ್ಪಣೆ

(ಬುಕ್ಕಾಪಟ್ಟಣದಲ್ಲಿ ದಂಪತಿಗಳನ್ನು ಕುರಿತು ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಹಸು ಸಾಕಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಕರುವನ್ನು ಬಿಟ್ಟೊಡನೆ ಹಾಲು ಇಳಿಯುತ್ತದೆ. ಹೊಸಬರು ಕರೆಯಲು ಕುಳಿತರೆ, ನಾಯಿ ಬೆದರಿಸಿದರೆ, ಹಸು ಹಾಲು ಬಿಡುವುದಿಲ್ಲ. ಕೆಚ್ಚಲಿನಲ್ಲಿ ಹಾಲಿಲ್ಲವೆಂದಲ್ಲ, ಮಿದುಳಿನಿಂದ ಅಪ್ಪಣೆ ಬಂದಿಲ್ಲ, ಅಷ್ಟೆ. ಬಾಣಂತಿಯ ವಿಷಯವೂ ಹೀಗೆಯೇ.

ಮಗು ಮೊಲೆ ಚೀಪಿದೊಡನೆ ಆ ಸುದ್ದಿ ನರಗಳ ಮೂಲಕ ಮಿದುಳಿನ ಬುಡದಲ್ಲಿರುವ ಹೈಪೊಥಲಮಸ್ ಎಂಬ ಭಾಗವನ್ನು ಮುಟ್ಟುತ್ತದೆ. ಅಲ್ಲಿ ಒಂದು ಗುಂಪಿನ ನರಕೋಶಗಳು ಒಟ್ಟಿಗೆ ಎಚ್ಚೆತ್ತು, ಆಕ್ಸಿಟೋಸಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುತ್ತವೆ. 1973ರಲ್ಲಿ ಇಂಗ್ಲೆಂಡಿನ ವೇಕರ್ಲಿ ಮತ್ತು ಲಿಂಕನ್ ಎಂಬ ವಿಜ್ಞಾನಿಗಳು ಹಾಲೂಡುವ ಇಲಿಗಳಲ್ಲಿ ಇದನ್ನು ಪರೀಕ್ಷಿಸಿ, ಹಾಲಿಳಿಯುವ ಮುನ್ನ ಈ ಕೋಶಗಳ ಮಿಡಿತದ ವೇಗ 20ರಿಂದ 40 ಪಟ್ಟು ಏರುವುದನ್ನು ಕಂಡರು. ಆ ರಸವು ಸ್ತನದೊಳಗಿನ ಹಾಲಿನ ಚೀಲಗಳನ್ನು ಹಿಂಡುತ್ತದೆ, ಗರ್ಭಕೋಶವನ್ನೂ ಕುಗ್ಗಿಸುತ್ತದೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಹಾಲೂಡುವಾಗ ಕಿಬ್ಬೊಟ್ಟೆ ನೋಯುವುದು ಇದರಿಂದಲೇ, ಹೆದರಬೇಕಾದುದಿಲ್ಲ. ರಕ್ತಸ್ರಾವ ತಡೆಯಲು ಹೆರಿಗೆಯಾದೊಡನೆ ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದೂ ಇದೇ. (ಕೆಲವರು ಇದನ್ನೇ ಹಸುಗಳಿಗೆ ಚುಚ್ಚಿ ಹಾಲು ಕರೆಯುತ್ತಾರೆ. ಅದು ತಪ್ಪು.)

ಭಯ, ನೋವು, ಮನಸ್ಸಿನ ಕಳವಳ ಈ ಕೋಶಗಳನ್ನು ತಡೆಯುತ್ತವೆ. "ನಿನಗೆ ಹಾಲೇ ಸಾಲದು" ಎಂದು ದಿನವೂ ಅನ್ನುತ್ತಾ ಮಗುವಿನ ಬಾಯಿಗೆ ಸೀಸೆ ಇಡುವುದಕ್ಕಿಂತ ಹಾಲು ಬತ್ತಿಸುವ ಸುಲಭ ಮಾರ್ಗ ನನಗೆ ತಿಳಿದಿಲ್ಲ. ಮಗು ಚೀಪಿದಷ್ಟೂ ಅಪ್ಪಣೆ, ಅಪ್ಪಣೆಯಿದ್ದಷ್ಟೂ ಹಾಲು. ಅತ್ತೆಯಂದಿರು ಧೈರ್ಯ ಹೇಳಲಿ. ಗಂಡಂದಿರು ನೀರು, ಸೌದೆಯ ಹೊರೆಯನ್ನು ತಾವೇ ಹೊರಲಿ.

ಇನ್ನೊಂದು ಮುಖ್ಯ ವಿಷಯ. ಅದೇ ಚೀಪುವಿಕೆಯು ಅಂಡ ಬಿಡುಗಡೆಗೆ ಅಪ್ಪಣೆ ಕೊಡುವ ಬೇರೊಂದು ಗುಂಪಿನ ನರಕೋಶಗಳನ್ನು ಸುಮ್ಮನಿರಿಸುತ್ತದೆ. ಆದ್ದರಿಂದಲೇ ಹಾಲೂಡುವ ತಾಯಿಗೆ ಮುಟ್ಟು ತಡವಾಗುವುದು. ಆದರೆ "ಹಾಲು ಕೊಡುವವಳು ಬಸಿರಾಗುವುದಿಲ್ಲ" ಎಂಬ ಹಳೆಯ ಮಾತನ್ನು ಪೂರ್ತಿ ನಂಬಬೇಡಿರಿ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಹಗಲಿರುಳೂ ಎದೆಹಾಲನ್ನಷ್ಟೇ ಕೊಡುತ್ತಿರಬೇಕು. ಮೂರೂ ಕೂಡಿದ್ದರೆ ನೂರಕ್ಕೆ 98ರಷ್ಟು ರಕ್ಷಣೆಯುಂಟು. ರಾತ್ರಿ ಹಾಲೂಡುವುದನ್ನು ಬಿಟ್ಟರೆ, ಅಥವಾ ಆರು ತಿಂಗಳಾದ ಮೇಲೆ ರಾಗಿ ಸರಿ ಆರಂಭಿಸಿದರೆ, ಚೀಪುವುದು ಕಡಿಮೆಯಾಗಿ ಆ ಕೋಶಗಳು ಮತ್ತೆ ಕೆಲಸಕ್ಕೆ ತೊಡಗಬಹುದು. ಅಂಡ ಹೊರಬರುವುದು ಮೊದಲು, ಮುಟ್ಟು ಅನಂತರ. ಆದುದರಿಂದ ಮುಟ್ಟನ್ನೇ ಕಾಣದೆ ಬಸಿರಾಗುವವರುಂಟು. ಎಳೆಗೂಸು ಮಡಿಲಲ್ಲಿರುವಾಗಲೇ ಮತ್ತೆ ಬಸಿರಾದರೆ ತಾಯಿಯ ಮೈಯಲ್ಲಿ ರಕ್ತ ಉಳಿಯದು.

ವಂಕಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದು, ಛಾಯಾ ಮಾತ್ರೆ, ಇವು ಎದೆಹಾಲನ್ನು ಕಡಿಮೆ ಮಾಡುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಗುವಿನ ಹದಿನಾಲ್ಕನೆಯ ವಾರದ ಲಸಿಕೆಗೆ ಬರುವ ದಿನ ಪತಿಪತ್ನಿಯರಿಬ್ಬರೂ ಬಂದು, ಯಾವುದು ತಮಗೆ ಹೊಂದುವುದೆಂದು ಕೇಳಿರಿ.